ಕೌನ್ಸೆಲಿಂಗ್ ಕುರ್ಚಿಯಲ್ಲಿ ಕೂರುವ ಮುನ್ನ

ಎಂ.ಎಸ್.ಡಬ್ಲ್ಯು. ಅಥವಾ ಮನಃಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ ಹುಡುಗ ಹುಡುಗಿಯರು ನನ್ನನ್ನು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: "ಮೇಡಂ, ಎಷ್ಟು ತಿಂಗಳ ಕೋರ್ಸ್ ಮಾಡಿದ್ರೆ ಕೌನ್ಸೆಲಿಂಗ್ ಶುರು ಮಾಡಬಹುದು?" ಮೊಬೈಲಿನಲ್ಲಿ ಬರುವ ಜಾಹೀರಾತು ನೋಡಿ ಕೇಳುತ್ತಾರೆ. ವಾರಾಂತ್ಯದ ತರಗತಿ, ಕೊನೆಗೊಂದು ಸರ್ಟಿಫಿಕೇಟು. ಅವರದೇನೂ ತಪ್ಪಿಲ್ಲ. ಕೆಲಸ ಬೇಕು, ಊರಲ್ಲಿ ಕಷ್ಟದಲ್ಲಿರುವವರು ಬೇಕಾದಷ್ಟಿದ್ದಾರೆ, ಕೇಳುವವರಿಲ್ಲ. ಆದರೆ ಪ್ರಶ್ನೆಗೆ ಒಂದು ಸಾಲಿನ ಉತ್ತರ ಇಲ್ಲ. ಹುಣಸೂರು ಉಪವಿಭಾಗದ ಹಳೆಯ ನಾಲ್ಕು ತಾಲ್ಲೂಕುಗಳಲ್ಲಿ, ಅಂದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯಲ್ಲಿ, ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆಯಾಗಿ ಓಡಾಡಿದ ಅನುಭವದಿಂದ ಕೆಲವು ಮಾತು ಬರೆಯುತ್ತಿದ್ದೇನೆ. ಸರಗೂರು, ಸಾಲಿಗ್ರಾಮ ಈಗ ಬೇರೆ ತಾಲ್ಲೂಕುಗಳು. ಆದರೂ ಜನ "ಕೋಟೆಗೆ ಹೋಗ್ಬೇಕು", "ನಗರಕ್ಕೆ ಹೋಗ್ಬೇಕು" ಅಂತಲೇ ಹೇಳುವುದರಿಂದ ನಾನೂ ಹಾಗೇ ಲೆಕ್ಕ ಇಟ್ಟಿದ್ದೇನೆ.

1. ಕಾಯ್ದೆ ಯಾರನ್ನು ಒಪ್ಪುತ್ತದೆ ಎಂಬುದನ್ನು ತೆರೆದು ಓದಿ

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರಲ್ಲಿ ಜಾರಿಗೆ ಬಂತು. ಹೆಚ್ಚಿನವರು ರೋಗಿಯ ಹಕ್ಕುಗಳ ಭಾಗ ಓದುತ್ತಾರೆ, ಎರಡನೇ ಸೆಕ್ಷನ್ನಿನ ವ್ಯಾಖ್ಯೆಗಳನ್ನು ದಾಟಿಬಿಡುತ್ತಾರೆ. ನಮ್ಮ ಕಸುಬಿನ ಹಣೆಬರಹ ಇರುವುದು ಅಲ್ಲಿ.

ಕ್ಲಿನಿಕಲ್ ಸೈಕಾಲಜಿಸ್ಟ್ ಅನ್ನಿಸಿಕೊಳ್ಳಲು ಭಾರತೀಯ ಪುನರ್ವಸತಿ ಮಂಡಳಿ, ಅಂದರೆ ಆರ್‌.ಸಿ.ಐ., ಮಾನ್ಯ ಮಾಡಿದ ಅರ್ಹತೆ ಬೇಕು. ಇಲ್ಲವೇ ಮನಃಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿಯ ಮೇಲೆ ಎರಡು ವರ್ಷದ ಪೂರ್ಣಾವಧಿ ಎಂ.ಫಿಲ್. ಬೇಕು. ಆ ಎಂ.ಫಿಲ್.ನಲ್ಲಿ ಹಿರಿಯರ ಮೇಲ್ವಿಚಾರಣೆಯಲ್ಲಿ ಪಡೆದ ಕ್ಲಿನಿಕಲ್ ತರಬೇತಿ ಸೇರಿರಬೇಕು ಎಂದು ಕಾಯ್ದೆಯೇ ಹೇಳುತ್ತದೆ. ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್‌ಗೂ ಅದೇ ಷರತ್ತು: ಎಂ.ಎಸ್.ಡಬ್ಲ್ಯು. ಮೇಲೆ ಎರಡು ವರ್ಷ, ಅದೂ ಮೇಲ್ವಿಚಾರಣೆಯ ತರಬೇತಿಯೊಂದಿಗೆ. ಹೀಗೆ ಅರ್ಹತೆ ಪಡೆದವರು ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿ ಮಾಡಿಸಬೇಕು, ಪ್ರಾಧಿಕಾರ ಆ ಪಟ್ಟಿಯನ್ನು ಪ್ರಕಟಿಸಬೇಕು. ಇದು 55ನೇ ಸೆಕ್ಷನ್.

ಇನ್ನು ದಾದಿಯರ ವಿಷಯ. ಮನೋವೈದ್ಯಕೀಯ ಶುಶ್ರೂಷೆಯಲ್ಲಿ ಡಿಪ್ಲೊಮಾ ಅಥವಾ ಪದವಿ ಮಾಡಿದವರೂ ಮೆಂಟಲ್ ಹೆಲ್ತ್ ನರ್ಸ್, ಸಾಮಾನ್ಯ ಜಿ.ಎನ್‌.ಎಂ. ಮಾಡಿದವರೂ ಮೆಂಟಲ್ ಹೆಲ್ತ್ ನರ್ಸ್. ಒಂದೇ ಸೆಕ್ಷನ್ನಿನಲ್ಲಿ ಸೈಕಾಲಜಿಸ್ಟ್‌ಗೆ, ಸಮಾಜ ಕಾರ್ಯಕರ್ತರಿಗೆ ಎರಡು ವರ್ಷದ ವಿಶೇಷ ತರಬೇತಿ ಕಡ್ಡಾಯ, ದಾದಿಗೆ ಏನೂ ಬೇಡ. ದಾದಿಯರ ಕೊರತೆ ನೋಡಿ ಹೀಗೆ ಬರೆದಿರಬಹುದು. ಆದರೆ ತಾಲ್ಲೂಕು ಆಸ್ಪತ್ರೆಯ ರಾತ್ರಿ ಪಾಳಿಯಲ್ಲಿ ಗಾಬರಿಗೊಂಡ ರೋಗಿಯ ಮುಂದೆ ಮೊದಲು ನಿಲ್ಲುವವಳೇ ಸ್ಟಾಫ್ ನರ್ಸ್. ತರಬೇತಿ ಎಲ್ಲರಿಗಿಂತ ಹೆಚ್ಚು ಬೇಕಾದವಳಿಗೆ ಕಾಯ್ದೆ ಎಲ್ಲರಿಗಿಂತ ಕಡಿಮೆ ಕೇಳಿದೆ.

ಕೌನ್ಸೆಲರ್ ಎಂಬ ಹುದ್ದೆಯಂತೂ ಈ ವ್ಯಾಖ್ಯೆಗಳಲ್ಲಿ ಇಲ್ಲವೇ ಇಲ್ಲ. ಬಸ್ ಸ್ಟ್ಯಾಂಡಿನ ಹಿಂದೆ, ಝೆರಾಕ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿ ಬೋರ್ಡು ತೂಗುಹಾಕಿರುವವರು ಈ ಖಾಲಿ ಜಾಗದಲ್ಲೇ ಕೂತಿದ್ದಾರೆ.

2. ಎರಡು ವರ್ಷ ಯಾಕೆ ಬೇಕು ಎಂಬುದಕ್ಕೆ ಕುಡಿತ ಬಿಟ್ಟವನ ಮೂರನೇ ರಾತ್ರಿ ಸಾಕು

ತರಬೇತಿಯ ಅವಧಿ ಬಗ್ಗೆ ಚರ್ಚೆ ಬಂದಾಗಲೆಲ್ಲ ನಾನು ಹೇಳುವ ಪ್ರಸಂಗ ಇದು. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಪಿರಿಯಾಪಟ್ಟಣ ಕಡೆಯ ಒಬ್ಬ ರೈತ. ನಲವತ್ತು ದಾಟಿದ ವಯಸ್ಸು. ಹತ್ತು ಹದಿನೈದು ವರ್ಷದಿಂದ ದಿನವೂ ಕುಡಿತ. ಹೆಂಡತಿ ಮಾದಪ್ಪನಿಗೆ ಹರಕೆ ಹೊತ್ತಳು, ಇವನೂ ಮನಸ್ಸು ಮಾಡಿ ಒಂದೇ ಸಲಕ್ಕೆ ನಿಲ್ಲಿಸಿದ. ಮಾರನೇ ದಿನ ಕೈ ನಡುಕ, ಬೆವರು, ನಿದ್ದೆ ಇಲ್ಲ. "ಬಿಟ್ಟಿದ್ದಕ್ಕೆ ಹಂಗಾಯ್ತದೆ, ತಡ್ಕೊ" ಅಂದರು ಮನೆಯವರು. ಮೂರನೇ ರಾತ್ರಿ ಹೊದಿಕೆಯ ಮೇಲೆ ಹುಳ ಹರಿಯುತ್ತಿದೆ ಎಂದು ಒಂದೊಂದನ್ನೇ ಹೆಕ್ಕಿ ಎಸೆಯತೊಡಗಿದ. ಹೆಂಡತಿಯನ್ನು ತಂಗಿ ಎಂದು ಕರೆದ. ಮೂಲೆಯಲ್ಲಿ ಪೊಲೀಸರು ನಿಂತಿದ್ದಾರೆ ಅಂದ. ಊರವರು ಗಾಳಿ ಸೋಕಿದೆ ಅಂದರು. ಮನೆಯವರಿಗೆ ಪರಿಚಯದ, ಆರು ತಿಂಗಳ ಕೌನ್ಸೆಲಿಂಗ್ ಡಿಪ್ಲೊಮಾ ಮಾಡಿದ್ದ ಒಬ್ಬರು ಬಂದು ಪಕ್ಕದಲ್ಲಿ ಕೂತು, ಗಂಡ ಹೆಂಡಿರ ಜಗಳ, ಸಾಲ, ಅಣ್ಣತಮ್ಮಂದಿರ ಪಾಲು ಎಲ್ಲ ವಿಚಾರಿಸಿದರು. ಒಳ್ಳೆಯ ಮನುಷ್ಯರೇ. ಸಮಾಧಾನವಾಗಿ, ತಾಳ್ಮೆಯಿಂದ ಕೇಳಿದರು. ಆದರೆ ಆ ರಾತ್ರಿ ಅವನಿಗೆ ಬೇಕಿದ್ದದ್ದು ಮಾತಲ್ಲ, ಆಂಬುಲೆನ್ಸ್.

ಇದಕ್ಕೆ ಡೆಲಿರಿಯಂ ಟ್ರೆಮೆನ್ಸ್ ಎನ್ನುತ್ತಾರೆ. ನಿತ್ಯ ಕುಡಿಯುವವರು ಒಮ್ಮೆಲೇ ಬಿಟ್ಟರೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ದಿನದೊಳಗೆ ಬರುತ್ತದೆ. ಫಿಟ್ಸ್ ಬರಬಹುದು, ಚಿಕಿತ್ಸೆ ಸಿಗದಿದ್ದರೆ ಜೀವವೇ ಹೋಗಬಹುದು. ಸರಿಯಾದ ಔಷಧಿ ಕೊಟ್ಟರೆ ಹೆಚ್ಚಿನವರು ಕೆಲವೇ ದಿನಗಳಲ್ಲಿ ಹತೋಟಿಗೆ ಬರುತ್ತಾರೆ. ಗ್ಲೂಕೋಸ್ ಬಾಟಲಿ ಏರಿಸುವ ಮೊದಲು ಥಯಮಿನ್ ಇಂಜೆಕ್ಷನ್ ಹೋಗಬೇಕು, ಇಲ್ಲದಿದ್ದರೆ ಮೆದುಳಿಗೆ ಶಾಶ್ವತ ಹಾನಿಯಾಗುವ ಅಪಾಯ ಇದೆ ಎಂಬುದು ನಮಗೆ ವಾರ್ಡಿನಲ್ಲಿ ಮೊದಲ ವಾರವೇ ಕಿವಿಗೆ ಬೀಳುವ ಪಾಠ. ಔಷಧಿ ಬರೆಯುವುದು ನನ್ನ ಕೆಲಸ ಅಲ್ಲ, ಬರೆಯಲೂಬಾರದು. ಆದರೆ ದಿನದ ಹೊತ್ತಿಗೊಂದು ಥರ ಬದಲಾಗುವ ಗೊಂದಲ, ಬೆವರು, ನಡುಕ, ಕೊನೆಯ ಸಲ ಕುಡಿದದ್ದು ಯಾವಾಗ ಎಂಬ ಲೆಕ್ಕ, ಇವನ್ನು ಜೋಡಿಸಿ ನೋಡಿ "ಇದು ಮನಸ್ಸಿನ ನೋವಲ್ಲ, ದೇಹದ ತುರ್ತು" ಎಂದು ಹೇಳುವುದು ನನ್ನ ಕೆಲಸ.

ಈ ಕಡೆ ಊರೂರಲ್ಲಿ ಮದ್ಯವರ್ಜನ ಶಿಬಿರಗಳು ನಡೆಯುತ್ತವೆ. ಒಳ್ಳೆಯದೇ, ಬಿಟ್ಟವರು ಬಹಳ ಮಂದಿ ಇದ್ದಾರೆ. ಶಿಬಿರದ ಮೊದಲ ನಾಲ್ಕು ದಿನ ಇದನ್ನು ಗುರುತಿಸಬಲ್ಲ ಒಬ್ಬರು ಅಲ್ಲೇ ಇರಲಿ ಎಂಬುದಷ್ಟೇ ನನ್ನ ಒತ್ತಾಯ. ಕುಡಿತ, ಮಾದಕ ವಸ್ತುಗಳಿಂದ ಬರುವ ಮಾನಸಿಕ ಸ್ಥಿತಿಯೂ ಈ ಕಾಯ್ದೆಯ ಪ್ರಕಾರ ಮಾನಸಿಕ ಕಾಯಿಲೆಯೇ. ಆದ್ದರಿಂದ ರೋಗಿಗಳನ್ನು ಇರಿಸಿಕೊಂಡು ಚಿಕಿತ್ಸೆ ಕೊಡುವ ವ್ಯಸನಮುಕ್ತಿ ಕೇಂದ್ರಗಳೂ ನೋಂದಣಿ ಮಾಡಿಸಲೇಬೇಕು. ನೋಂದಣಿ ಇಲ್ಲದೆ ನಡೆಸಿದರೆ ಮೊದಲ ಸಲಕ್ಕೆ 5,000ದಿಂದ 50,000 ರೂಪಾಯಿವರೆಗೆ ದಂಡ. ಅಂಥ ಕಡೆ ಗೊತ್ತಿದ್ದೂ ಕೆಲಸ ಮಾಡುವ ನಮ್ಮಂಥವರಿಗೂ 25,000ದವರೆಗೆ ಇದೆ, ಮರೆಯಬೇಡಿ.

3. ಮೇಲ್ವಿಚಾರಣೆ ಎಂದರೆ ಹಾಜರಿ ಪುಸ್ತಕಕ್ಕೆ ಸಹಿ ಅಲ್ಲ

ತರಬೇತಿಯಲ್ಲಿ ನಾನು ಕಲಿತದ್ದರಲ್ಲಿ ಪುಸ್ತಕದ್ದು ಕಾಲು ಭಾಗ ಇರಬಹುದು. ಉಳಿದದ್ದು ನನ್ನ ಕೇಸ್ ಶೀಟನ್ನು ಹಿರಿಯರು ಓದಿದಾಗ ಆದದ್ದು. "ರೋಗಿ ಊಟ ಬಿಟ್ಟಿದ್ದಾನೆ ಅಂತ ಬರೆದಿದ್ದೀರಿ. ಹಸಿವಿಲ್ಲ ಅಂತ ಬಿಟ್ಟನೋ, ವಿಷ ಹಾಕಿದ್ದಾರೆ ಅಂತ ಬಿಟ್ಟನೋ?" ಒಂದೇ ಪ್ರಶ್ನೆ. ವಾಪಸ್ ವಾರ್ಡಿಗೆ ಹೋಗಿ ಕೇಳಿಕೊಂಡು ಬರಬೇಕು. ಮೊದಲನೆಯದಾದರೆ ಖಿನ್ನತೆಯ ದಾರಿ, ಎರಡನೆಯದಾದರೆ ಬೇರೆಯೇ ದಾರಿ. ಹೀಗೆ ದಿನವೂ, ಒಬ್ಬೊಬ್ಬ ರೋಗಿಯ ಬಗ್ಗೆಯೂ. ನಮ್ಮ ಕಡೆ ಹೊಗೆಸೊಪ್ಪಿನ ಗ್ರೇಡಿಂಗ್ ಕಲಿಯುವುದು ಹೀಗೇ ಅಲ್ಲವೇ? ಹಳಬರ ಪಕ್ಕ ಕೂತು, ಎಲೆ ತಿರುಗಿಸಿ ಬಣ್ಣ ನೋಡಿ, ತಪ್ಪು ಗಂಟಿಗೆ ಹಾಕಿದ್ದನ್ನು ಅವರು ತೆಗೆದು ತೋರಿಸಿ.

ಈ ಪದ್ಧತಿ ದೇಶದಲ್ಲಿ ಬೇರೂರಿದ್ದು ನಮ್ಮ ರಾಜ್ಯದಲ್ಲೇ. 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯಿತು, ಡಾ. ಎಂ.ವಿ. ಗೋವಿಂದಸ್ವಾಮಿ ಅದರ ಮೊದಲ ಮುಖ್ಯಸ್ಥರು. ಮರುವರ್ಷವೇ ಮನೋವೈದ್ಯರ ಜೊತೆಗೆ ಮನಃಶಾಸ್ತ್ರಜ್ಞರಿಗೂ ಆಸ್ಪತ್ರೆಯೊಳಗೇ ತರಬೇತಿ ಆರಂಭವಾಯಿತು. 1974ರಲ್ಲಿ ಅದೇ ಸಂಸ್ಥೆ ನಿಮ್ಹಾನ್ಸ್ ಆಯಿತು. 2017ರ ಕಾಯ್ದೆಯಲ್ಲಿ "ಮೆಡಿಕಲ್ ಅಂಡ್ ಸೋಶಿಯಲ್ ಸೈಕಾಲಜಿ" ಎಂಬ ಎಂ.ಫಿಲ್.ನ ಹೆಸರು ಬರುತ್ತದೆ. ಅದು ಬೆಂಗಳೂರಿನ ಆ ಕೋರ್ಸಿನ ಹೆಸರು. ಇನ್ನೂ ಹಿಂದಕ್ಕೆ ಹೋದರೆ 1924ರಲ್ಲೇ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಎಂ.ವಿ. ಗೋಪಾಲಸ್ವಾಮಿ ಮನಃಶಾಸ್ತ್ರ ವಿಭಾಗ ಕಟ್ಟಿದರು. ಮನೆಯಲ್ಲಿ ರೇಡಿಯೊ ಕೇಂದ್ರ ಶುರುಮಾಡಿ ಅದಕ್ಕೆ ಆಕಾಶವಾಣಿ ಎಂದು ಹೆಸರಿಟ್ಟವರೂ ಅವರೇ. ಮೈಸೂರಿಗೆ ಮನಃಶಾಸ್ತ್ರ ಬಂದು ನೂರು ವರ್ಷ ದಾಟಿತು. ನಲವತ್ತೈದು ಕಿಲೋಮೀಟರ್ ದೂರದ ಹುಣಸೂರಿಗೆ ಅದು ಇನ್ನೂ ಬಸ್ಸು ಹಿಡಿದು ಬಂದು ಸಂಜೆ ವಾಪಸ್ ಹೋಗುವ ಅತಿಥಿ.

4. ಮಂಗಳವಾರ ಒಂದೇ ದಿನ, ವಾರಕ್ಕೆ ಏಳು ದಿನ

2014ರಲ್ಲಿ ರಾಜ್ಯ ಸರ್ಕಾರ ಮನೋಚೈತನ್ಯ ಕಾರ್ಯಕ್ರಮ ತಂದಿತು. ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆ. ಅದಕ್ಕೂ ಮೊದಲು 1985ರಲ್ಲಿ ಬಳ್ಳಾರಿಯಲ್ಲಿ ನಿಮ್ಹಾನ್ಸ್ ಮಾಡಿ ತೋರಿಸಿದ ಜಿಲ್ಲಾ ಮಾದರಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆಯಿತು. ಕರ್ನಾಟಕ ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ ಎಂದು ನಿಸ್ಸಂಕೋಚವಾಗಿ ಹೇಳುತ್ತೇನೆ.

ಆದರೆ ಮಂಗಳವಾರದ ಒ.ಪಿ.ಡಿ. ಹೇಗಿರುತ್ತದೆ ಗೊತ್ತೇ? ಬೆಳಗಿನ ಮೊದಲ ಬಸ್ಸಿಗೆ ಬಂದವರು ಕಾರಿಡಾರಿನ ಬೆಂಚಿನಲ್ಲಿ ಚೀಟಿ ಹಿಡಿದು ಕೂತಿರುತ್ತಾರೆ. ಅರ್ಧ ಜನ ಹಳೇ ರೋಗಿಗಳು, ತಿಂಗಳ ಮಾತ್ರೆಗೆ ಬಂದವರು. ಹೊಸಬರು ಬಾಯಿ ಬಿಡುವುದು ಮೈ ಉರಿ, ತಲೆ ಸುತ್ತು, ಎದೆ ಡವಡವ, ಕಾಲು ಸೆಳೆತದಿಂದ. ಮನಸ್ಸಿನ ಮಾತು ಬರಲು ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಹಿಂದಿನವರು ಬಾಗಿಲಲ್ಲಿ ಇಣುಕುತ್ತಾರೆ. ಆ ಸಾಲಿನಲ್ಲಿ ಯಾರನ್ನು ಮೊದಲು ಒಳಗೆ ಬಿಡಬೇಕು, ಯಾರ ಜೊತೆ ಬೇರೆ ಕೋಣೆಯಲ್ಲಿ ಅರ್ಧ ಗಂಟೆ ಕೂರಬೇಕು, ಯಾರನ್ನು ಮೈಸೂರಿಗೆ ಕಳಿಸಬೇಕು ಎಂದು ವಿಂಗಡಿಸುವುದೇ ನಮ್ಮಂಥವರ ದೊಡ್ಡ ಕೆಲಸ. ಅದಕ್ಕೆ ಕಣ್ಣು ಪಳಗಿರಬೇಕು. ಕೆ.ಆರ್. ನಗರದವರದು ಇನ್ನೊಂದು ಕಥೆ. ರೈಲು ಬಸ್ಸು ಎರಡೂ ಇರುವುದರಿಂದ ಹೆಚ್ಚಿನವರು ನೇರವಾಗಿ ಮೈಸೂರಿಗೇ ಹೋಗುತ್ತಾರೆ, ಮೂರು ತಿಂಗಳಾದ ಮೇಲೆ ಮಾತ್ರೆ ಬಿಟ್ಟು ನಮ್ಮಲ್ಲಿಗೆ ಬರುತ್ತಾರೆ.

ಉಳಿದ ಆರು ದಿನ ನೋಡಿಕೊಳ್ಳುವವರು ಆಶಾ ಅಕ್ಕಂದಿರು, ಸ್ಟಾಫ್ ನರ್ಸ್, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು. ಆಶಾ ಕಾರ್ಯಕರ್ತೆಗೆ ಕೌನ್ಸೆಲಿಂಗ್ ಕಲಿಸಿ ಎಂದು ಸಲಹೆ ಕೊಡುವವರಿದ್ದಾರೆ. ನನಗೆ ಒಪ್ಪಿಗೆ ಇಲ್ಲ. ಅವಳ ತಲೆಯ ಮೇಲೆ ಈಗಾಗಲೇ ಹೊರಲಾರದಷ್ಟಿದೆ. ಮಾತ್ರೆ ಬಿಟ್ಟವರು ಯಾರು, ಮನೆಯಿಂದ ಹೊರಬರದವರು ಯಾರು, ಸಾಯುವ ಮಾತಾಡಿದವರು ಯಾರು ಎಂದು ಅವಳು ಹೇಳಿದರೆ ಸಾಕು. ಅವಳು ಹೇಳಿದ್ದನ್ನು ಕೇಳಿಸಿಕೊಳ್ಳುವವರು ತಾಲ್ಲೂಕಿನಲ್ಲಿ ದಿನವೂ ಇರಬೇಕು, ಅದು ಮುಖ್ಯ.

5. ಕಾಡಂಚಿನಲ್ಲಿ 72 ಗಂಟೆಯ ಬೆಲೆ

ಕಾಯ್ದೆಯ 94ನೇ ಸೆಕ್ಷನ್ ಪ್ರಕಾರ ತುರ್ತು ಸಂದರ್ಭದಲ್ಲಿ ಯಾವುದೇ ನೋಂದಾಯಿತ ವೈದ್ಯರು ಮಾನಸಿಕ ರೋಗಿಗೆ ಚಿಕಿತ್ಸೆ ಕೊಡಬಹುದು, ಹೆಚ್ಚೆಂದರೆ 72 ಗಂಟೆ. ನಾಮನಿರ್ದೇಶಿತ ಪ್ರತಿನಿಧಿ ಅಲ್ಲಿದ್ದರೆ ಅವರ ಒಪ್ಪಿಗೆ ಪಡೆಯಬೇಕು. ಆ ಅವಧಿಯೊಳಗೆ ಮಾನಸಿಕ ಆರೋಗ್ಯ ಕೇಂದ್ರದಲ್ಲಿ ತಪಾಸಣೆ ಆಗಬೇಕು.

ಮೈಸೂರಿನಲ್ಲಿ ಕೂತು ಓದಿದರೆ 72 ಗಂಟೆ ಧಾರಾಳ ಅನ್ನಿಸುತ್ತದೆ. ಡಿ.ಬಿ. ಕುಪ್ಪೆ ಕಡೆಯಿಂದ ಲೆಕ್ಕ ಹಾಕಿ ನೋಡಿ. ಕಾಡಿನ ನಡುವಿನ ರಸ್ತೆ, ರಾತ್ರಿ ವಾಹನ ಸಂಚಾರಕ್ಕೆ ನಿರ್ಬಂಧ. ಹಾಡಿಯಲ್ಲಿ ಒಬ್ಬ ಯುವಕ ನಾಲ್ಕು ದಿನದಿಂದ ನಿದ್ದೆ ಮಾಡದೆ ಕಾಡಿಗೆ ಓಡುತ್ತಿದ್ದಾನೆ ಎಂದರೆ, ಮೊದಲು ಅವನನ್ನು ಹಿಡಿದು ಕೂರಿಸಬೇಕು, ಜೀಪು ಸಿಗಬೇಕು, ಕೂಲಿ ಬಿಟ್ಟು ಜೊತೆಗೆ ಬರಲು ಇಬ್ಬರು ಬೇಕು. ಕೋಟೆ ತಲುಪಿದಾಗ ಮನೋವೈದ್ಯರಿಲ್ಲದ ದಿನವಾಗಿರುತ್ತದೆ. ಅಲ್ಲಿರುವುದು ಡ್ಯೂಟಿ ಡಾಕ್ಟರ್. ಈಗಿನ ನಿಯಮದಂತೆ ಎಂ.ಬಿ.ಬಿ.ಎಸ್. ಇಂಟರ್ನ್‌ಶಿಪ್‌ನಲ್ಲಿ ಮನೋವೈದ್ಯಕೀಯಕ್ಕೆ ಸಿಗುವುದು ಎರಡು ವಾರ. ಸರ್ಕಾರಿ ಆಸ್ಪತ್ರೆಯ ಎಲ್ಲ ವೈದ್ಯಾಧಿಕಾರಿಗಳಿಗೂ ಮಾನಸಿಕ ತುರ್ತು ಚಿಕಿತ್ಸೆಯ ತರಬೇತಿ ಕೊಡಬೇಕು ಎಂದು 31ನೇ ಸೆಕ್ಷನ್ ಹೇಳುತ್ತದೆ. ತರಬೇತಿ ನಡೆಯುತ್ತದೆ, ನಿಮ್ಹಾನ್ಸ್ ಆನ್‌ಲೈನಿನಲ್ಲೂ ಕೊಡುತ್ತದೆ. ಆದರೆ ತರಬೇತಿ ಪಡೆದವರು ವರ್ಗವಾಗುತ್ತಾರೆ, ಹೊಸಬರು ಬರುತ್ತಾರೆ, ಮತ್ತೆ ಅ ಆ ಇ ಈ.

ಜೇನುಕುರುಬರ, ಕಾಡುಕುರುಬರ, ಯರವರ ಹಾಡಿಗಳಲ್ಲಿ ಇನ್ನೊಂದು ತೊಡಕು. ಅವರ ಮನೆಮಾತು ಬೇರೆ. ಹೊರಗಿನವರು ಕೇಳಿದ ಪ್ರಶ್ನೆಗೆಲ್ಲ ಹೂಂ ಅನ್ನುವುದು ಅವರ ಮರ್ಯಾದೆ. "ಕಿವಿಯಲ್ಲಿ ಮಾತು ಕೇಳಿಸ್ತದಾ?" ಅಂದರೆ ಹೂಂ. "ಇಲ್ವಾ?" ಅಂದರೂ ಹೂಂ. ಪ್ರಶ್ನಾವಳಿ ಹಿಡಿದು ಗುರುತು ಹಾಕಿಕೊಂಡು ಬಂದರೆ ಇಡೀ ಹಾಡಿಗೇ ಕಾಯಿಲೆ ಬಂದಂತೆ ಕಾಣುತ್ತದೆ. ಅದೇ ಹಾಡಿಯ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು, "ನೆನ್ನೆ ರಾತ್ರಿ ಏನಾಯ್ತು, ಹೇಳಿ" ಅಂತ ಬಿಟ್ಟು ಕೇಳಬೇಕು. ಬೈಲಕುಪ್ಪೆಯ ಟಿಬೆಟನ್ ಹಿರಿಯರ ಜೊತೆಗೂ ಇದೇ ಪಾಠ, ಭಾಷೆ ಮಾತ್ರ ಬೇರೆ. ಯಾವ ಪಠ್ಯಕ್ರಮವೂ ಹುಣಸೂರು ಉಪವಿಭಾಗಕ್ಕೆಂದು ಬರೆದದ್ದಲ್ಲ. ತರಬೇತಿಯ ಒಂದು ಭಾಗವಾದರೂ ಇಲ್ಲೇ ನಡೆಯಬೇಕು ಎನ್ನುವುದು ಇದಕ್ಕೇ.

6. ಟೆಸ್ಟ್ ಕಿಟ್ ಕೊಂಡವರೆಲ್ಲ ಟೆಸ್ಟ್ ಮಾಡುವ ಹಾಗಿಲ್ಲ

ಮಕ್ಕಳ ಬುದ್ಧಿಮಟ್ಟ ಅಳೆಯಲು ಈಗಲೂ ಬಳಕೆಯಲ್ಲಿರುವ ಬಿನೆ-ಕಾಮತ್ ಪರೀಕ್ಷೆ ಕನ್ನಡನಾಡಿನದು. ಧಾರವಾಡದಲ್ಲಿ ವಿ.ವಿ. ಕಾಮತ್ 1930ರ ದಶಕದಲ್ಲಿ ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿದ್ದು. ವಿಕಲಚೇತನರ ಗುರುತಿನ ಚೀಟಿಗೆ, ಪಿಂಚಣಿಗೆ, ಶಾಲೆಯ ವಿನಾಯಿತಿಗೆ ಐ.ಕ್ಯೂ. ವರದಿ ಬೇಕಾಗುತ್ತದೆ. ಹಾಗಾಗಿ ಸಂಖ್ಯೆ ಬರೆದುಕೊಡುವವರಿಗೆ ಗಿರಾಕಿಗಳಿಗೆ ಕೊರತೆ ಇಲ್ಲ.

ಮಗು ಉತ್ತರ ಕೊಡಲಿಲ್ಲ ಎಂದರೆ ಗೊತ್ತಿಲ್ಲ ಎಂದೇ ಅರ್ಥವಲ್ಲ. ಕಿವಿ ಕೇಳದೆ ಇರಬಹುದು, ಹೆದರಿರಬಹುದು, ಬೆಳಿಗ್ಗೆಯಿಂದ ಏನೂ ತಿಂದಿಲ್ಲದಿರಬಹುದು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ, 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕಳಿಸಿ ಶ್ರವಣ ಪರೀಕ್ಷೆ ಮಾಡಿಸಿದ ಮೇಲೆ, "ಬುದ್ಧಿಮಾಂದ್ಯ" ಎಂದು ಹಣೆಪಟ್ಟಿ ಹಚ್ಚಿಸಿಕೊಂಡಿದ್ದ ಮಗುವಿಗೆ ಬೇಕಾಗಿದ್ದದ್ದು ಶ್ರವಣಯಂತ್ರ ಎಂದು ಗೊತ್ತಾದದ್ದಿದೆ. ಆರ್‌.ಸಿ.ಐ. ಕಾಯ್ದೆ 1992ರದು. ನೋಂದಣಿ ಇಲ್ಲದೆ ಈ ವೃತ್ತಿ ಮಾಡಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಸಾವಿರ ರೂಪಾಯಿ! ಒಂದು ವರದಿಗೆ ಅದಕ್ಕಿಂತ ಹೆಚ್ಚು ತೆಗೆದುಕೊಳ್ಳುವವರಿದ್ದಾರೆ.

7. ಗುಡಿಯ ಪೂಜಾರಿಯ ಜೊತೆ ಜಗಳಕ್ಕೆ ನಿಲ್ಲಬೇಡಿ, ಸರಪಳಿಯ ವಿಷಯದಲ್ಲಿ ರಾಜಿಯಾಗಬೇಡಿ

ತಾಯಿತ ಕಟ್ಟಿಸಿಕೊಳ್ಳಲಿ, ಮಾತ್ರೆಯನ್ನೂ ನುಂಗಲಿ. ಎರಡಕ್ಕೂ ಜಾಗ ಇದೆ. ಆದರೆ ರೋಗಿಯನ್ನು ಯಾವ ರೀತಿಯಲ್ಲೂ ಸರಪಳಿಯಲ್ಲಿ ಕಟ್ಟುವಂತಿಲ್ಲ ಎಂದು ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 95ನೇ ಸೆಕ್ಷನ್ ಹೇಳುತ್ತದೆ. 2001ರ ಆಗಸ್ಟಿನಲ್ಲಿ ತಮಿಳುನಾಡಿನ ಎರ್ವಾಡಿಯಲ್ಲಿ ಸರಪಳಿಯಲ್ಲಿದ್ದ 28 ರೋಗಿಗಳು ಬೆಂಕಿಗೆ ಸಿಕ್ಕಿ ಸತ್ತರು. ಮನೆಯವರಿಗೆ ಇದನ್ನು ಹೇಳಿದರೆ ಅರ್ಥವಾಗುತ್ತದೆ. ಬೇರೆ ದಾರಿ ತೋರಿಸಿದರೆ ಬಿಚ್ಚುತ್ತಾರೆ.

8. ಹೊಗೆಸೊಪ್ಪಿನ ಹಂಗಾಮನ್ನು ಪಠ್ಯದಂತೆ ಓದಿ

ಹುಣಸೂರು, ಪಿರಿಯಾಪಟ್ಟಣ, ಕೋಟೆಯ ಮನೆಗಳ ಮನಸ್ಥಿತಿ ಕ್ಯಾಲೆಂಡರಿಗಿಂತ ಹೆಚ್ಚಾಗಿ ತಂಬಾಕಿನ ಹಂಗಾಮಿಗೆ ತಕ್ಕಂತೆ ಏರಿಳಿಯುತ್ತದೆ. ಸಸಿ, ಗೊಬ್ಬರ, ಬ್ಯಾರನ್ ರಿಪೇರಿ, ಸೌದೆ, ಎಲ್ಲ ಸಾಲದಲ್ಲಿ. ಎಲೆ ಬೇಯಿಸುವಾಗ ಬ್ಯಾರನ್ ಮುಂದೆ ರಾತ್ರಿಯಿಡೀ ನಿದ್ದೆಗೆಟ್ಟು ಬೆಂಕಿ ಕಾಯಬೇಕು. ಅದಾದ ಮೇಲೆ ಹರಾಜು ಮಾರುಕಟ್ಟೆ. ಬೆಲೆ ಬಿದ್ದರೆ, ಕೈಗೆ ಬರುವ ಮುನ್ನವೇ ಸಾಲದವರು ಬಾಗಿಲಲ್ಲಿ. ಮನೆಯಲ್ಲಿ ಕ್ರಿಮಿನಾಶಕದ ಬಾಟಲಿ ಕೈಗೆಟುಕುವಂತೆ ಇರುತ್ತದೆ. ಖಿನ್ನತೆಯ ಬಗ್ಗೆ ಎಷ್ಟೇ ಓದಿಕೊಂಡಿರಿ, ಇಲ್ಲಿ ಮೊದಲು ಕೇಳಬೇಕಾದ್ದು "ಔಷಧಿ ಎಲ್ಲಿ ಇಟ್ಟಿದ್ದೀರಿ?" ಎಂದು. ಹೊಲದ ಔಷಧಿ. ಅದನ್ನು ಬೀಗ ಹಾಕಿಸಿ ಅಥವಾ ಅಣ್ಣನ ಮನೆಗೆ ಸಾಗಿಸಿ. ಆ ಗಳಿಗೆ ದಾಟಿದರೆ ಬಹಳಷ್ಟು ಜೀವ ಉಳಿಯುತ್ತವೆ.

ಉಳಿದು ಆಸ್ಪತ್ರೆಗೆ ಬಂದವರ ಕೇಸ್ ಶೀಟಿನ ಮೇಲೆ ಎಂ.ಎಲ್.ಸಿ., ಅಂದರೆ ಪೊಲೀಸರಿಗೆ ತಿಳಿಸಬೇಕಾದ ಪ್ರಕರಣ, ಎಂದು ಬೀಳುತ್ತದೆ. ಮನೆಯವರಿಗೆ ವಿಷಕ್ಕಿಂತ ಪೊಲೀಸ್ ಸ್ಟೇಷನ್ನಿನ ಭಯ ಹೆಚ್ಚು. "ಕಳೆ ಔಷಧಿ ಹೊಡೆಯುವಾಗ ಬಾಯಿಗೆ ಹೋಯ್ತು ಮೇಡಂ" ಎನ್ನುತ್ತಾರೆ. ಅವರಿಗೆ ಹೇಳಬೇಕಾದ ಸಂಗತಿ ಇದು: ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಅವರ ಆರೈಕೆ ಸರ್ಕಾರದ ಕರ್ತವ್ಯ ಎಂದು 2017ರ ಕಾಯ್ದೆಯ 115ನೇ ಸೆಕ್ಷನ್ ಹೇಳುತ್ತದೆ. ಯತ್ನಿಸಿದವರಿಗೆ ಶಿಕ್ಷೆ ಎನ್ನುತ್ತಿದ್ದ ಐ.ಪಿ.ಸಿ.ಯ 309ನೇ ಸೆಕ್ಷನ್ 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲ. ಸರ್ಕಾರಿ ನೌಕರರನ್ನು ಅವರ ಕರ್ತವ್ಯದಲ್ಲಿ ಒತ್ತಾಯಿಸಲು ಅಥವಾ ತಡೆಯಲು ಆತ್ಮಹತ್ಯೆಗೆ ಯತ್ನಿಸಿದರೆ ಮಾತ್ರ ಅಪರಾಧ. ವಾರ್ಡಿನಲ್ಲಿ ಮಂಚದ ಪಕ್ಕ ಈ ಎರಡು ಮಾತು ಹೇಳಿದಾಗ, ಅರ್ಧ ಗಂಟೆಯ ಸಾಂತ್ವನಕ್ಕೆ ತೆರೆಯದ ಬಾಯಿ ತೆರೆದದ್ದನ್ನು ಕಂಡಿದ್ದೇನೆ. ಕಾನೂನಿನ ತಿಳಿವಳಿಕೆಯೂ ಕ್ಲಿನಿಕಲ್ ತರಬೇತಿಯ ಭಾಗವೇ.

9. ಕೋರ್ಸ್ ಆರಿಸುವವರಿಗೆ

ಈಗ ಮೊದಲಿನ ಪ್ರಶ್ನೆಗೆ. ಸದ್ಯದ ಪರಿಸ್ಥಿತಿ ಸಿಕ್ಕುಸಿಕ್ಕಾಗಿದೆ. ವಿಶ್ವವಿದ್ಯಾನಿಲಯ ಅನುದಾನ ಆಯೋಗ 2022ರ ನಿಯಮಾವಳಿಯಲ್ಲಿ ಎಂ.ಫಿಲ್. ಪದವಿಯನ್ನೇ ಕೈಬಿಟ್ಟಿತು. ಆದರೆ ಕಾಯ್ದೆ ಕೇಳುವುದು ಅದೇ ಎಂ.ಫಿಲ್. ಗೊಂದಲವಾದಾಗ ಆಯೋಗ ಕ್ಲಿನಿಕಲ್ ಸೈಕಾಲಜಿ ಮತ್ತು ಸೈಕಿಯಾಟ್ರಿಕ್ ಸೋಶಿಯಲ್ ವರ್ಕ್ ಎರಡಕ್ಕೆ ಮಾತ್ರ 2025-26ನೇ ಸಾಲಿನವರೆಗೆ ಮಾನ್ಯತೆ ಮುಂದುವರಿಸಿತು. ಒಂದು ಕೈ ಪದವಿ ತೆಗೆಯುತ್ತದೆ, ಇನ್ನೊಂದು ಕೈ ಅದೇ ಪದವಿಯನ್ನು ಕೇಳುತ್ತದೆ. ಬೇರೆ ಅರ್ಹತೆಗಳನ್ನು ನಿಯಮದ ಮೂಲಕ ಸೂಚಿಸಲು ಕಾಯ್ದೆಯಲ್ಲೇ ಅವಕಾಶ ಇದೆ. ಅದನ್ನು ಬಳಸುವಾಗ ಪದವಿಯ ಹೆಸರು ಏನಾದರೂ ಆಗಲಿ, ಮೇಲ್ವಿಚಾರಣೆಯ ಎರಡು ವರ್ಷವನ್ನು ಮಾತ್ರ ಕತ್ತರಿಸಬಾರದು.

ಇನ್ನೊಂದು ಕಾಯ್ದೆಯೂ ಬಂದಿದೆ, 2021ರ ಸಹಾಯಕ ಮತ್ತು ಆರೋಗ್ಯ ವೃತ್ತಿಪರರ ರಾಷ್ಟ್ರೀಯ ಆಯೋಗದ ಕಾಯ್ದೆ. ಆರ್‌.ಸಿ.ಐ. ವ್ಯಾಪ್ತಿಯ ಕ್ಲಿನಿಕಲ್ ಸೈಕಾಲಜಿಸ್ಟ್‌ಗಳನ್ನು ಬಿಟ್ಟು ಉಳಿದ ಮನಃಶಾಸ್ತ್ರಜ್ಞರು, ಆರೋಗ್ಯ ಕ್ಷೇತ್ರದ ಕೌನ್ಸೆಲರ್‌ಗಳು, ಸಮಾಜ ಕಾರ್ಯಕರ್ತರು ಅದರ ಪಟ್ಟಿಯಲ್ಲಿದ್ದಾರೆ. ಸಹಾಯಕ ವೃತ್ತಿಪರರಿಗೆ ಕನಿಷ್ಠ 2,000 ಗಂಟೆ, ಆರೋಗ್ಯ ವೃತ್ತಿಪರರಿಗೆ ಕನಿಷ್ಠ 3,600 ಗಂಟೆಯ ಶಿಕ್ಷಣ ಬೇಕು ಎಂಬುದು ಅದರ ಅಳತೆ. ಝೆರಾಕ್ಸ್ ಅಂಗಡಿಯ ಮೇಲಿನ ಬೋರ್ಡಿಗೆ ಕೊನೆಗೂ ಒಂದು ಕಾನೂನು ಸಿಕ್ಕಿತು ಎಂದು ನಾನು ಖುಷಿಪಟ್ಟವಳು. ವಾರಾಂತ್ಯದ ಸರ್ಟಿಫಿಕೇಟು 2,000 ಗಂಟೆಯ ಹತ್ತಿರಕ್ಕೂ ಬರುವುದಿಲ್ಲ, ನೀವೇ ಲೆಕ್ಕ ಹಾಕಿ.

ಯಾವುದೇ ಕೋರ್ಸಿಗೆ ಹಣ ಕಟ್ಟುವ ಮೊದಲು ಮೂರು ಪ್ರಶ್ನೆ ಕೇಳಿ. ಒಳರೋಗಿಗಳ ವಾರ್ಡ್ ಇದೆಯೇ? ನನ್ನ ಕೇಸನ್ನು ಯಾರು ನೋಡುತ್ತಾರೆ, ವಾರಕ್ಕೆ ಎಷ್ಟು ಸಲ? ಮುಗಿದ ಮೇಲೆ ಯಾವ ಮಂಡಳಿಯಲ್ಲಿ ನೋಂದಣಿ ಸಿಗುತ್ತದೆ? ಉತ್ತರ ತಡವರಿಸಿದರೆ ಎದ್ದು ಬನ್ನಿ.

10. ಕಾಯ್ದೆ ಸಡಿಲಿಸಬೇಡಿ, ತರಬೇತಿಯನ್ನು ತಾಲ್ಲೂಕಿಗೆ ತನ್ನಿ

ಜನ ಸಿಗುವುದಿಲ್ಲ, ಆದ್ದರಿಂದ ಅರ್ಹತೆ ಇಳಿಸಿ ಎನ್ನುವ ವಾದ ಸಭೆಗಳಲ್ಲಿ ಕೇಳಿಬರುತ್ತದೆ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಯಾವುದಾದರೊಂದು ಮಾನಸಿಕ ಸಮಸ್ಯೆ ಇತ್ತು. ಕಾಯಿಲೆಯಿಂದ ಕಾಯಿಲೆಗೆ ನೋಡಿದರೆ ಶೇ. 70ಕ್ಕಿಂತ ಹೆಚ್ಚು ಜನರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಕೊರತೆ ಸುಳ್ಳಲ್ಲ. ಆದರೆ ಅರ್ಹತೆ ಇಳಿಸಿದರೆ ಪಟ್ಟಣದವರಿಗೆ ತರಬೇತಿ ಪಡೆದವರು, ಹಾಡಿಯವರಿಗೆ ಆರು ತಿಂಗಳ ಡಿಪ್ಲೊಮಾದವರು ಎಂದಾಗುತ್ತದೆ. ಇದನ್ನು ನಾನು ಒಪ್ಪಲಾರೆ.

ನನ್ನ ಬೇಡಿಕೆ ಸರಳ. ಮೈಸೂರಿನ ವೈದ್ಯಕೀಯ ಕಾಲೇಜುಗಳಲ್ಲಿ ಈ ಕೋರ್ಸ್ ಮಾಡುವವರನ್ನು ಎರಡು ವರ್ಷದಲ್ಲಿ ಕೆಲವು ತಿಂಗಳಾದರೂ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಆಸ್ಪತ್ರೆಗಳಿಗೆ ಕಳಿಸಿ, ಜೊತೆಗೆ ಮೇಲ್ವಿಚಾರಕರನ್ನೂ ಕಳಿಸಿ. ಸ್ಟಾಫ್ ನರ್ಸ್‌ಗಳಿಗೆ ವಾರ್ಡಿನಲ್ಲೇ ತರಬೇತಿ ಕೊಡಿ. ಈ ತಾಲ್ಲೂಕುಗಳ ಎಂ.ಎಸ್.ಡಬ್ಲ್ಯು. ಪದವೀಧರರಿಗೆ, ವಿಶೇಷವಾಗಿ ಹಾಡಿಯಿಂದ ಓದಿ ಬಂದವರಿಗೆ, ಸಂಬಳ ಕೊಟ್ಟು ಪೂರ್ಣಾವಧಿ ತರಬೇತಿಗೆ ಕಳಿಸಿ. ವಾಪಸ್ ಬಂದು ಇಲ್ಲೇ ದುಡಿಯಲಿ. ಜನಸಂಖ್ಯೆಗೆ ತಕ್ಕಷ್ಟು ವೃತ್ತಿಪರರನ್ನು ಅಂತರರಾಷ್ಟ್ರೀಯ ಮಟ್ಟಕ್ಕೆ ತರಲು 2017ರ ಕಾಯ್ದೆಯ 31ನೇ ಸೆಕ್ಷನ್ ಸರ್ಕಾರಕ್ಕೆ ಕೊಟ್ಟಿರುವ ಗಡುವು ಹತ್ತು ವರ್ಷ. ಅದು 2028ಕ್ಕೆ ಮುಗಿಯುತ್ತದೆ.

ಅಲ್ಲಿಯವರೆಗೆ ಓದುಗರಲ್ಲಿ ಒಂದು ಮನವಿ. ಮನೆಯವರನ್ನು ಯಾರ ಬಳಿ ಕರೆದೊಯ್ದರೂ ಅವರ ಅರ್ಹತೆ, ನೋಂದಣಿ ಸಂಖ್ಯೆ ಕೇಳಿ, ಸರಿಯಾದವರು ಬೇಸರಪಡುವುದಿಲ್ಲ. ಆಸ್ಪತ್ರೆ ದೂರವಿದ್ದರೆ, ಹೊತ್ತಲ್ಲದ ಹೊತ್ತಾದರೆ, ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.